ಹಿಮ ಬಿದ್ದಾಗ ಎಡಕ್ಕೆ

ಫೆಬ್ರವರಿಯಲ್ಲಿ ಮೋರ್ಕಮ್‌ಗೆ ಯಾರೂ ಬರುವುದಿಲ್ಲ.
ಕಡಲು ಕೂಡ ಮೈಲಿಗಟ್ಟಲೆ ಹಿಂದೆ ಸರಿದು
ಕೆಸರನ್ನಷ್ಟೇ ಕಾವಲಿಗೆ ಬಿಟ್ಟಿರುತ್ತದೆ.
ಅರ್ಧ ಎತ್ತಿದ ಷಟರಿನಡಿ ಬಗ್ಗಿ ಒಳಬಂದೆ:
ಟೂಲ್‌ಬಾಕ್ಸು, ಮೀಟರು, ಒಂದು ಫ್ಲಾಸ್ಕ್ ಚಹಾ.

ವಿನಿಫ್ರೆಡ್ ಹೆಸ್ಕೆತ್, ಎಪ್ಪತ್ತಾರು,
ಕೋಟಿನ ಮೇಲೊಂದು ಕೋಟು ತೊಟ್ಟು
"ಸತ್ತಿಲ್ಲ ಅದು, ಮುನಿಸಿಕೊಂಡಿದೆ" ಅಂದರು.

ಮೂಲೆಯಲ್ಲಿ ನಿಂತಿತ್ತು, ಆಳೆತ್ತರ.
ಮೈಮೇಲೆ ಬಣ್ಣ ಉದುರಿದ ದೀಪಸ್ತಂಭ,
ಅದರ ಕಾವಲುಗಾರ, ಕೈಯಲ್ಲಿ ಲಾಟೀನು.
ಎಂಬತ್ತನಾಲ್ಕರಲ್ಲಿ ಸಾಲು
ಬಾಗಿಲಾಚೆಗೂ ಹೋಗುತ್ತಿತ್ತಂತೆ.
ಬೇರೆ ಆಟಗಳಲ್ಲಿ ಚೌಕದ ಚುಕ್ಕಿ ಚುಕ್ಕಿಯ ನುಂಗುತ್ತಿದ್ದಾಗ
ಇದರಲ್ಲಿ ಮಾತ್ರ ಕೈಯಾರೆ ಬರೆದ ಚಿತ್ರ,
ನೋಡಿದವರ ಅಂಗಿ ಒದ್ದೆಯಾಗುವಂಥ ಅಲೆ.

ನಾಣ್ಯ ಹಾಕಿದೆ.
ಕಾವಲುಗಾರ ಮೆಟ್ಟಿಲಿಳಿದ, ಕದ ತೆರೆದ.
ಪರದೆ ಕಪ್ಪು.
ಸಾಯಲೂ ಇಲ್ಲ, ಬದುಕಲೂ ಇಲ್ಲ.
ಒಳಗೆ ಮಾತ್ರ ಏನೋ
ಕತ್ತಲಲ್ಲಿ ಕನ್ನಡಕ ತಡಕುವವರ ಹಾಗೆ
ಅತ್ತ ಇತ್ತ, ಅತ್ತ ಇತ್ತ.

ಮೊದಲು ಕರೆಂಟು.
ಪ್ರೆಸ್ಟನ್‌ನಲ್ಲಿ ಕೆಲಸ ಕಲಿಸಿದ ಮುದುಕನ ಮಾತು:
ದೊಡ್ಡ ರೋಗ ಹುಡುಕುವ ಮುಂಚೆ
ಊಟ ಆಯ್ತಾ ಅಂತ ಕೇಳು.
ಐದು ವೋಲ್ಟು ಬೇಕು, ನಾಲ್ಕೂವರೆ ಇತ್ತು.
ಹೊಟ್ಟೆ ಉಬ್ಬಿದ ಎರಡು ಕೆಪಾಸಿಟರ್ ಕಿತ್ತು
ಹೊಸವು ಬೆಸೆದೆ. ಐದಾಯಿತು.
ಮುನಿಸು ಇಳಿಯಲಿಲ್ಲ.
ಲೇಸರ್ ಕೊಳವೆ? ಓರೆಗಣ್ಣಲ್ಲಿ ನೋಡಿದೆ,
ದಾಸವಾಳದ ಬೆಳಕು, ತಣ್ಣಗೆ ಉರಿಯುತ್ತಿದೆ.
ತಂತಿ? ಒಂದೊಂದೇ ಕಿತ್ತು, ಉಜ್ಜಿ, ಸಿಕ್ಕಿಸಿದೆ,
ಉಪ್ಪುಗಾಳಿಯ ಹಸಿರು ಬೆರಳಿಗಂಟಿತು. ಅದೂ ಅಲ್ಲ.
ಲೆನ್ಸು ಒರೆಸಿದೆ. ಅಲ್ಲ.
ಚಹಾ ಆರಿತು. ಬೆಟ್ಟವೆಲ್ಲ ಅಗೆದಾಯಿತು.

ಒಳಗೋಡೆಯ ಪ್ಲೈವುಡ್ ಮೇಲೆ ಟಾರ್ಚು ಬಿತ್ತು:
ನನಗಿಂತ ಮೊದಲು ಇಲ್ಲಿ ಮಂಡಿಯೂರಿದವರು
ಪೆನ್ಸಿಲಿನಲ್ಲಿ ಬರೆದಿಟ್ಟ ಲೆಕ್ಕ.
"ಜುಲೈ ೮೫. ಬೆಲ್ಟ್ ಬದಲಿ. ಕ್ಲಿಫ್."
"ಆಗಸ್ಟ್. ಮತ್ತೆ ಬೆಲ್ಟ್. ಕ್ಲಿಫ್, ಅದೆಲ್ಲಿಯ ಅಗ್ಗದ ಮಾಲು? ಟರ್ಲೋ."
ಕೆಳಗೆ, ಹೆಸರಿಲ್ಲದ ಗುಂಡಗಿನ ಅಕ್ಷರ:
"ಹಳಿಯ ಗ್ರೀಸು ಚಳಿಗೆ ಹೆಪ್ಪುಗಟ್ಟುತ್ತೆ."

ಅಲ್ಲಿತ್ತು ಇಲಿ.
ಬೆಳಕಿನ ಕಣ್ಣು ಜಾರಬೇಕಾದ ಹಳಿಯ ತುಂಬ
ಹಳೇ ಗ್ರೀಸು, ತಳ ಹಿಡಿದ ಬೆಲ್ಲದ ಪಾಕ.
ಸಾವಿರದ ಚಿತ್ರಕ್ಕೆ ಓಡು ಅಂದರೆ
ಒಂಬೈನೂರರಲ್ಲಿ ಕಾಲು ಹೂತು ನಿಲ್ಲುತ್ತಿತ್ತು, ಪಾಪ.
ಸ್ಪಿರಿಟ್ಟು, ಹತ್ತಿಕಡ್ಡಿ, ಹಲ್ಲು ಕಚ್ಚಿದ ಒಂದು ಗಂಟೆ,
ಕೊನೆಗೆ ಒಂದು ಹನಿ ಎಣ್ಣೆ.

ತಟ್ಟೆ ತಿರುಗಿತು. ಸುತ್ತಿಗೊಂದು ಚಿತ್ರ,
ಸೆಕೆಂಡಿಗೆ ಇಪ್ಪತ್ತೈದು ಸುತ್ತು.
ಗಾಣದೆತ್ತು ಸುತ್ತಿದರೆ ಎಣ್ಣೆ,
ಇದು ಸುತ್ತಿದರೆ ಸಮುದ್ರ.

ಕದ ತೆರೆದ, ಅಲೆ ತಪ್ಪಿಸಿದ, ಹಗ್ಗ ಹಿಡಿದ,
ಆಗ ಹಿಮ.
ಪರದೆ ತುಂಬ ಬಿಳಿ ಮೊರೆತ, ಒಂದೇ ಸೆಕೆಂಡು.
ಹಿಂದೆಯೇ ಅವನ ಎಲುಬುಗೂಡು. ಆಟ ಮುಗಿಯಿತು.

ತಟ್ಟೆ ತೆಗೆದು ದೀಪಕ್ಕೆ ಹಿಡಿದೆ.
ಅಂಟು ಬಿಟ್ಟ ಅಂಚಿನಿಂದ ಗಾಳಿ ಹೊಕ್ಕು
ಬೆಳ್ಳಿಯಂಥ ಮೈಯನ್ನು ತಿಂದಿತ್ತು,
ಸಾಸಿವೆಯಷ್ಟೇ ಜಾಗ.
"ಇಪ್ಪತ್ತೈದು ಚಿತ್ರ ಹೋಗಿವೆ, ಇನ್ನು ಬರುವುದಿಲ್ಲ."
ಬಿಲ್ಲಿನಲ್ಲೂ ಹಾಗೇ ಬರೆಯುವವನಿದ್ದೆ.

ವಿನಿಫ್ರೆಡ್ ಕೈಗವಸು ಕಳಚಿ
ಮೊಣಕೈಯಿಂದ ನನ್ನನ್ನು ಬದಿಗೆ ಸರಿಸಿ
ಕೋಲು ಹಿಡಿದರು.
ಕದ. ಅಲೆ. ಹಗ್ಗ. ಹಿಮ.
ಕಣ್ಣು ಪರದೆಯ ಮೇಲಿರಲಿಲ್ಲ,
ಷಟರಿನಡಿಯ ಬೆಳಕಿನ ಪಟ್ಟಿಯಲ್ಲೆಲ್ಲೋ ಇತ್ತು.
ಟಕ್. ಎಡಕ್ಕೆ.
ಹಿಮದಾಚೆ ಅವನು ಬದುಕಿದ್ದ, ಲಾಟೀನಿನ ಸಮೇತ.

"ಅಲ್ಲಿ ಹಡಗಿನ ಕಂಬ ಬಲದಿಂದ ಬೀಳುತ್ತೆ.
ಹನ್ನೊಂದು ಬೇಸಿಗೆ ಇಲ್ಲೇ ಕೂತು
ಚಿಲ್ಲರೆ ಕೊಡುತ್ತಾ ನೋಡಿದ್ದೀನಿ.
ಈಗ ಕಾಣಲೇಬೇಕು ಅಂತೇನಿಲ್ಲ."

ಬಿಸ್ಕತ್ತಿನ ಡಬ್ಬದ ರಟ್ಟು ಹರಿದು
ದಪ್ಪಕ್ಷರದಲ್ಲಿ ಬರೆದರು,
ನಾಣ್ಯದ ಕಿಂಡಿಯ ಮೇಲೆ ಅಂಟಿಸಿದರು:
ಹಿಮ ಬಿದ್ದಾಗ ಎಡಕ್ಕೆ.

ಹಿಂದಿನ ಬಾಗಿಲು ಮುಚ್ಚುವ ಮುಂಚೆ
ನಾನೂ ಪೆನ್ಸಿಲು ಹುಡುಕಿದೆ.
ತಾರೀಕು. ಹಳಿ ಶುದ್ಧ. ಐದು ವೋಲ್ಟು.
ಸ್ವಲ್ಪ ಯೋಚಿಸಿ, ಕೆಳಗೆ:
ಬೆಲ್ಟ್ ಇನ್ನೂ ಗಟ್ಟಿಯಿದೆ, ಟರ್ಲೋ.