ಗೂಟ ಎಷ್ಟು ಆಳ

ಆಷಾಢದಲ್ಲಿ ನಮ್ಮ ಅಂಗಡಿಗೆ ಮದುವೆಯ ಕರೆ ಬರುವುದಿಲ್ಲ.
ಕುರ್ಚಿಗಳು ಒಂದರ ಮಡಿಲಲ್ಲೊಂದು ಕೂತು
ಗೋದಾಮಿನ ಸೂರು ಮುಟ್ಟುತ್ತವೆ.
ಗುತ್ತಲು ರಸ್ತೆಯ ಧೂಳು, ಆಕಳಿಕೆ, ಒಂದು ಹಲ್ಲಿ.
ತೊಳೆದು ಹರವಿದ ಶಾಮಿಯಾನ ತಾರಸಿಯ ಮೇಲೆ
ಉಬ್ಬಿ, ಬಿದ್ದು, ಮತ್ತೆ ಉಬ್ಬಿ...
ವೈಶಾಖದ ಸಾರಿನ ಕಲೆಯೊಂದು
ಎಷ್ಟು ತಿಕ್ಕಿದರೂ ಯಾವುದೋ ತಾಲ್ಲೂಕಿನ ನಕ್ಷೆಯ ಹಾಗೆ
ಅಲ್ಲೇ ಉಳಿದಿದೆ.

ಆ ನೆರಳಲ್ಲಿ ಕೂತು ನಾದಿನಿಯ ಮಗಳು ರಂಜಿತ
ಮೊಬೈಲು ತೋರಿಸಿದಳು:
"ಅತ್ತೆ, ಇದಕ್ಕೆ ಗ್ಲಾಂಪಿಂಗ್ ಅಂತಾರೆ."

ಬೆಟ್ಟ. ಬೆಟ್ಟದ ಹೊಟ್ಟೆಗೆ ಸುತ್ತಿದ ಮೋಡ.
ಮರಗಳ ನಡುವೆ ಹಾಲುಬಿಳಿ ಗುಡಾರ,
ಒಳಗೆ ಮಂಚ, ಮಂಚದ ಮೇಲೆ
ಟವೆಲು ಮಡಚಿ ಮಾಡಿದ ಹಂಸ,
ದೀಪ, ಬಿಸಿನೀರು, ಕಮೋಡು.
ರಾತ್ರಿಗೆ ಏಳೂವರೆ ಸಾವಿರ, ತಿಂಡಿ ಸೇರಿ.

ನಂಜರಾಜು, ನನ್ನ ಗಂಡ,
ಮೂವತ್ತೊಂದು ವರ್ಷದಿಂದ ಮಂಡ್ಯ ಸೀಮೆಯ
ಮದುವೆಗೂ ಸಾವಿಗೂ ನೆರಳು ಬಾಡಿಗೆಗೆ ಕೊಡುವವರು,
ಕನ್ನಡಕ ಹಣೆಗೇರಿಸಿ ನೋಡಿದರು.
"ಏಳೂವರೆ ಸಾವ್ರವಾ? ಆ ದುಡ್ಗೆ ನಾನು
ಇನ್ನೂರು ಕುರ್ಚಿ, ಎರಡು ಫ್ಯಾನು, ಅಡುಗೆ ಪಾತ್ರೆ
ಮನೆ ಬಾಗಿಲಿಗೇ ಇಳಿಸಿ ಬತ್ತೀನಿ ಕಣಮ್ಮಿ.
ಬಟ್ಟೆ ನೋಡು, ಹೊಲಿಗೆ ಒಂದೇ ಸಾಲು."

ಲೆಕ್ಕದ ಪುಸ್ತಕ ಬರೆಯುವವಳು ನಾನು.
ಯಾವ ಊರಿಗೆ ಯಾವ ಚಪ್ಪರ ಹೋಯಿತು,
ಎಷ್ಟು ಲೋಟ ಕಡಿಮೆ ಬಂದವು, ಎಲ್ಲ ಗೊತ್ತು.
ಪಾತ್ರೆ ಕಾಯಲು ಅವರು ಸಾವಿರ ರಾತ್ರಿ
ಬಟ್ಟೆಯ ಸೂರಿನಡಿ ಮಲಗಿದ್ದಾರೆ,
ಮಂಜು ಬಿದ್ದರೆ ಅದು ಹೇಗೆ ಬಿಗಿಯುತ್ತದೆಂದು ಬಲ್ಲರು.
ನಾನು ಒಂದು ರಾತ್ರಿಯೂ ಇಲ್ಲ.
ನಮ್ಮ ಧಾರೆಯ ಚಪ್ಪರವನ್ನೂ ಅವತ್ತು ಸಂಜೆಯೇ ಬಿಚ್ಚಿ
ಲಗೇಜ್ ಆಟೋಗೆ ಹಾಕಿದ್ದರು,
ಮಾರನೆಯ ದಿನ ಕೆರಗೋಡಿನಲ್ಲಿ ಬುಕಿಂಗು.
ಇದನ್ನು ನಾನು ಹೇಳಿದ್ದು ರಂಜಿತಳಿಗೆ.
ಅವರು ಪೆನ್ನು ಕೇಳಿದರು.

ಡೆಲಿವರಿ ಚೀಟಿಯ ಬೆನ್ನಿಗೆ ಬರೆದೆವು:
ಮಳವಳ್ಳಿ, ಕೊಳ್ಳೇಗಾಲ, ಯಳಂದೂರು, ಆಮೇಲೆ ಬೆಟ್ಟ.
ಕತ್ತಲಾಗುವ ಮೊದಲು ಚೆಕ್‌ಪೋಸ್ಟು ದಾಟಬೇಕು.
ಸ್ವೆಟರು ಒಂದಿದೆ, ಇನ್ನೊಂದು ಕೊಳ್ಳಬೇಕು.
ಬಿ.ಪಿ. ಮಾತ್ರೆ. ಜಿಗಣೆಗೆ ಸುಣ್ಣ, ಹೊಗೆಸೊಪ್ಪು.
ನಿಪ್ಪಟ್ಟು, ಕೋತಿಗೆ ಕಾಣದ ಚೀಲದಲ್ಲಿ.
ನೈಟಿಯಲ್ಲಿ ಗುಡಾರದಾಚೆ ಬರಬಹುದಾ?
ರಂಜಿತ ನಕ್ಕಳು. ನಾನು ನಿಜವಾಗಿಯೇ ಕೇಳಿದ್ದೆ.

ಅವರು ಫೋನು ಮಾಡಿದರು. ಆ ಕಡೆ ಎಳೆ ದನಿಯ ಹುಡುಗ:
"ಸರ್, ಕ್ಯಾಂಪ್‌ಫೈರ್ ಇದೆ, ಬೆಳಿಗ್ಗೆ ಬರ್ಡ್ ವಾಕ್ ಇದೆ..."
"ಅದಿರ್ಲಿ ಕಣಪ್ಪ. ಗೂಟ ಎಷ್ಟು ಆಳ?"
"ಸರ್?"
"ಗೂಟ. ಆಷಾಢದ ಗಾಳಿ ಅಲ್ವಾ. ಕಬ್ಬಿಣದ್ದಾ, ಸರ್ವೇದಾ?
ಹಗ್ಗ ನೂಲಿಂದಾ, ಪ್ಲಾಸ್ಟಿಕ್ಕಾ?"
ಹುಡುಗ ಯಾರನ್ನೋ ಕೇಳಲು ಹೋದ.
ಅಷ್ಟು ಹೊತ್ತೂ ಸ್ಪೀಕರಿನಲ್ಲಿ ಒಂದು ಹಕ್ಕಿ,
ಅಥವಾ ಇನ್ಯಾರದೋ ಫೋನಿನ ರಿಂಗ್‌ಟೋನು.
ಉತ್ತರ ಬರಲಿಲ್ಲ. ಮುಂಗಡ ಮಾತ್ರ ಹೋಯಿತು, ಎರಡು ಸಾವಿರ.
ತಾರೀಕು ಹನ್ನೆರಡು.

ಮದುವೆಗೆ ಮಾಸವುಂಟು, ಸಾವಿಗಿಲ್ಲ.
ರಾತ್ರಿ ಊಟಕ್ಕೆ ಕೂತಾಗ ಬಸರಾಳಿನಿಂದ ಕರೆ:
ಗೌಡರ ತಾಯಿ ಬೆಳಿಗ್ಗೆ ಹೋದರಂತೆ.
ಹನ್ನೊಂದನೇ ದಿನದ ತಿಥಿ. ಬೆರಳ ಗೆಣ್ಣಿನ ಮೇಲೆ
ಅವರ ಹೆಬ್ಬೆರಳು ಎಣಿಸುತ್ತಾ ಹೋಗಿ
ಹನ್ನೆರಡಕ್ಕೆ ನಿಂತಿತು.
ತಟ್ಟೆಯ ಮುದ್ದೆಗೆ ಕೆನೆ ಕಟ್ಟಿತು.

"ಹುಡುಗ್ರು ಬತ್ತಾರೆ ಗೌಡ್ರೇ. ಅವತ್ತು ನಾನಿರಕಿಲ್ಲ."
ಆ ಕಡೆಯಿಂದ ಏನೋ ಕೇಳಿರಬೇಕು.
"ಇಲ್ಲ ಇಲ್ಲ, ಎಲ್ಲಾ ಚೆಂದಾಗೌರೆ," ಎಂದರು,
ನನ್ನ ಕಡೆ ನೋಡದೆ,
"ಬೆಟ್ಟದ ಕಡೆ ಒಂದು ಟೆಂಟಿನ ಕೆಲ್ಸ ಅದೆ."

ನಡುರಾತ್ರಿ ಗೋದಾಮಿನ ಬಾಗಿಲು ಕಿರುಗುಟ್ಟಿತು.
ಬೆಳಿಗ್ಗೆ ಬ್ಯಾಗು ತೆರೆದರೆ
ನನ್ನ ಹೊಸ ಸ್ವೆಟರಿನಲ್ಲಿ, ಮಗುವನ್ನು ಸುತ್ತಿದ ಹಾಗೆ,
ನಾಲ್ಕು ಸೇರಿನ ಸುತ್ತಿಗೆ.
ಎಣ್ಣೆಯ ಕಲೆ ಆಗಲೇ ಹತ್ತಿತ್ತು.

ಬೈಯಲಿಲ್ಲ. ಪಟ್ಟಿಯ ಕೊನೆಗೆ ಬರೆದೆ:
ಸುತ್ತಿಗೆ, ಒಂದು.