ಚೂರಿಗೆ ಇಪ್ಪತ್ತು, ಮೆಟ್ಟುಕತ್ತಿಗೆ ನಲವತ್ತು

ಅರ್ಜಿಯ ನಾಲ್ಕನೇ ಕಲಮು: ಸಾಲದ ಉದ್ದೇಶ.
ದೇಜಪ್ಪ ದುಂಡಗೆ ಬರೆದಿದ್ದ: ಸಾಣೆ ಚಕ್ರ.
ಮೊತ್ತ ಹನ್ನೆರಡು ಸಾವಿರ.
ಯಾವ ತಪ್ಪಿಗೆ ಒಳಗಿದ್ದೆ ಎಂಬ ಕಲಮು ನಮ್ಮ ಅರ್ಜಿಯಲ್ಲಿಲ್ಲ,
ಬೇಡವೆಂದು ನಾವೇ ತೆಗೆಸಿದ್ದು.
ಆದರೂ ಕೊಡಿಯಾಲಬೈಲಿನ ಆ ಮಹಡಿಯ ಕೋಣೆಯಲ್ಲಿ
ಎಲ್ಲರಿಗೂ ಗೊತ್ತಿತ್ತು:
ಒಂಬತ್ತು ವರ್ಷದ ಹಿಂದೆ ಒಂದು ರಾತ್ರಿ, ಒಂದು ಚೂರಿ.

ಖಜಾಂಚಿ ಹಿಲ್ಡಾ ಬಾಯಿ ಕನ್ನಡಕ ತೆಗೆದು
ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.
ಬರಹ ಬದಲಾಗಿರಲಿಲ್ಲ.
"ಕೊಡೆ ರಿಪೇರಿ ಮಾಡಬಹುದಲ್ಲ?" ಎಂದರು ವಕೀಲರು.
"ಬೊಂಡ ಮಾರಲಿ" ಎಂದರು ಇನ್ನೊಬ್ಬರು.
ಬೊಂಡಕ್ಕೂ ಕತ್ತಿ ಬೇಕಲ್ಲ ಮಾರಾಯ್ರೆ, ಎಂದೆ ನಾನು.
ಯಾರೋ ನಕ್ಕರು. ಆ ನಗೆಯಲ್ಲೇ ಸಾಲ ಮಂಜೂರಾಯಿತು.
ಜಾಮೀನಿಗೆ ನನ್ನ ರುಜು.

ನಾನು ಮೂವತ್ತೊಂದು ವರ್ಷ ಪಿಗ್ಮಿ ಎತ್ತಿದವ,
ಹಂಪನಕಟ್ಟೆಯಿಂದ ಬಂದರಿನ ತನಕ
ಅಂಗಡಿ ಹತ್ತಿ ಅಂಗಡಿ ಇಳಿದು.
ಹತ್ತು ರೂಪಾಯಿ ಹೇಗೆ ಹತ್ತು ಸಾವಿರವಾಗುತ್ತದೆಂದು
ಕಂಡವನೆಂದು ಇಲ್ಲಿ ನನಗೆ ಪಾಠದ ಕೆಲಸ.

ಮೊದಲ ದಿನ ಬಡ್ಡಿಯೆಂದರೇನು ಎಂದು ಶುರುಮಾಡಿದೆ.
"ಗೊತ್ತುಂಟು ಸಾರ್. ಒಳಗೆ ಬೀಡಿಯೇ ದುಡ್ಡು.
ಈ ಸೋಮವಾರ ಎರಡು ತಕ್ಕೊಂಡರೆ ಬರುವ ಸೋಮವಾರ ಮೂರು.
ತಪ್ಪಿದರೆ ಅದರ ಮುಂದಿನದಕ್ಕೆ ನಾಲ್ಕೂವರೆ.
ಆ ಅರ್ಧವನ್ನು ನೂಲಿನಲ್ಲಿ ಕೊಯ್ದು ಕೊಡುವುದು."
ಬೋರ್ಡಿನ ಮೇಲಿನ ಚಕ್ರಬಡ್ಡಿಯನ್ನು ನಾನು ಒರೆಸಿಬಿಟ್ಟೆ.

ಗೊತ್ತಿಲ್ಲದ್ದು ಬೇರೆ.
ಅವನು ಒಳಹೋದಾಗಿನ ಐನೂರರ ನೋಟು ಈಗ ನೋಟೇ ಅಲ್ಲ;
ಹೊಸತನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದ.
ಬ್ಯಾಂಕು ವಿಳಾಸ ಕೇಳಿತು.
ತಮ್ಮನ ಮನೆ ಹೇಳುವಂತಿಲ್ಲ, ಜೈಲು ಹೇಳಬಾರದು,
ಕೆಳಗಿನ ಪ್ರೆಸ್ಸಿನ ಬಾಗಿಲು ನಂಬರು ಬರೆಸಿದೆವು.
ನೋಟ್‌ಬುಕ್ಕಿಗೆ ಗೆರೆ ಎಳೆದುಕೊಟ್ಟೆ: ಬಂದದ್ದು, ಹೋದದ್ದು, ಕಂತು.
ಮೊದಲ ವಾರ ಬಂದದ್ದರಲ್ಲಿ
ಆರು ಸೊನ್ನೆ, ಒಂದರ ಕೆಳಗೊಂದು.
ಹೋದದ್ದರಲ್ಲಿ ಚಾ, ಬಸ್ಸು, ಚಾ,
ಮತ್ತೆ "ಸುಮ್ಮನೆ ಕೂತದ್ದು".
ಅದರೆದುರು ಮೊತ್ತ ಬರೆದಿರಲಿಲ್ಲ.

ದಕ್ಕೆಯಲ್ಲಿ ಯಾವುದೂ ಮುಚ್ಚಿರುವುದಿಲ್ಲ.
ಮೂರನೇ ಮಂಗಳವಾರ ಬೇಬಕ್ಕ ಬುಟ್ಟಿಯ ಹಿಂದಿನಿಂದ ಕೇಳಿದಳಂತೆ:
"ಅದು ನೀನೇಯಾ?"
"ಹೌದು."
ಸ್ವಲ್ಪ ಹೊತ್ತು ಅಂಜಲಿನ ಬೆನ್ನ ಮೇಲಿನ ನೊಣ ಓಡಿಸಿದಳು.
ಆಮೇಲೆ ಹಿಡಿಯನ್ನು ಅವನ ಕಡೆಗೆ ಮಾಡಿ
ಚೂರಿ ಚಾಚಿದಳು.
ಕಿಡಿ ಹಾರಿತು. ಹೆಬ್ಬೆರಳ ಉಗುರಿಗೆ ಇಟ್ಟು ನೋಡಿದಳು.
"ಇಪ್ಪತ್ತಾ? ಹದಿನೈದು ತಕ್ಕೋ."
ಹದಿನೆಂಟಕ್ಕೆ ಇತ್ಯರ್ಥ.
ಹೇಳುವಾಗ ದೇಜಪ್ಪನಿಗೆ ನಗು ತಡೆಯಲಿಲ್ಲ:
"ನನ್ನ ಹತ್ತಿರ ಚರ್ಚೆ ಮಾಡಿದಳು ಸಾರ್,
ಎಲ್ಲರ ಹತ್ತಿರ ಮಾಡುವ ಹಾಗೆ!"

ಜೂನಿನಲ್ಲಿ ಬೋಟುಗಳು ದಡ ಸೇರಿದವು.
ಬಲೆಗೆ ರಜೆ, ಚೂರಿಗೆ ರಜೆ, ಕಂತಿಗೆ ಮಾತ್ರ ಇಲ್ಲ.
ಎರಡು ವಾರ ಅವನ ಸುದ್ದಿಯಿಲ್ಲ.
ಹಿಲ್ಡಾ ಬಾಯಿ ಏನೂ ಹೇಳಲಿಲ್ಲ,
ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿಟ್ಟರು ಅಷ್ಟೆ.
ಹುಡುಕುತ್ತ ಹೋದರೆ ಭವಂತಿ ಸ್ಟ್ರೀಟಿನಲ್ಲಿ
ಟೈಲರುಗಳ ಮೆಟ್ಟಿಲಡಿ ಚಕ್ರ ತಿರುಗುತ್ತಿತ್ತು,
ಪಕ್ಕದಲ್ಲಿ ಕತ್ತರಿಗಳ ರಾಶಿ.
"ಶಾಲೆ ಶುರುವಲ್ಲ, ಯೂನಿಫಾರ್ಮಿನ ಸೀಸನ್ನು."
ಎರಡು ಕಂತು ಎಣಿಸಿ ಕೊಟ್ಟ, ಮೇಲಿಂದ ಹತ್ತು.
ನಮ್ಮಲ್ಲಿ ದಂಡ ಇಲ್ಲವೋ, ಎಂದೆ.
"ಇರಲಿ ಸಾರ್. ತಡವಾದದ್ದು ತಡವೇ."

ಯಾರಿಗೂ ಹೇಳದ ಒಂದು ವಾರ ನನ್ನಲ್ಲಿದೆ.
ತೊಂಬತ್ತಾರನೇ ಇಸವಿ, ಮಗಳ ಫೀಸು,
ಹೋಟೆಲಿನ ಪಾಂಗಣ್ಣಾಯರ ಪಿಗ್ಮಿ.
ಬ್ಯಾಂಕಿಗೆ ಕಟ್ಟಿದ್ದು ಎಂಟನೇ ದಿನ.
ಅವರು ಪುಸ್ತಕ ನೋಡುವವರಲ್ಲ.
ಆ ವಾರವಿಡೀ ಜೈಲಿನ ಗೋಡೆಗೆ ತಾಗಿದ ರಸ್ತೆಯಲ್ಲೇ
ಸಂಜೆ ಮನೆಗೆ ನಡೆದೆ.

ಮೊನ್ನೆ ಮನೆಯ ಮೆಟ್ಟುಕತ್ತಿಯನ್ನು ಪೇಪರಿನಲ್ಲಿ ಸುತ್ತಿ ಒಯ್ದೆ.
ಮೂವತ್ತೈದಕ್ಕೆ ಚರ್ಚೆ ಮಾಡಿದೆ, ಅವನು ಬಗ್ಗಲಿಲ್ಲ.
ಐವತ್ತು ಕೊಟ್ಟೆ, ಹತ್ತು ವಾಪಸು ಬಂತು.
ನಲವತ್ತು ಬರೆದು, ನನ್ನ ಹೆಸರು ಬರೆದು,
ಪೆನ್ನು ಎತ್ತಿ ಹಿಡಿದು ಕೇಳಿದ,
ಪುಸ್ತಕ ಮುಚ್ಚುವ ಮೊದಲು ಕೇಳಬೇಕೆಂದು
ನಾನೇ ಕಲಿಸಿದ ಪ್ರಶ್ನೆ:
"ಹಳೇ ಬಾಕಿ ಏನಾದರೂ ಉಂಟಾ ಸಾರ್?"

ಚಕ್ರ ಇನ್ನೂ ನಿಂತಿರಲಿಲ್ಲ.
ವಾರಕ್ಕೆ ಎರಡಕ್ಕೆ ಮೂರರಂತೆ
ಲೆಕ್ಕ ಹಾಕುತ್ತ ನಿಂತಿದ್ದೆ.