ಷರತ್ತು ಹನ್ನೊಂದು

ಠಾಣೆಯಲ್ಲಿ ನನ್ನ ಹೆಸರು ರೈಟರ್.
ಬರೆಯುವುದು ನಾನು, ಸಹಿ ಸಾಹೇಬರದು.
ಹದಿನಾಲ್ಕು ಷರತ್ತಿನ ಹಾಳೆ ಕಂಪ್ಯೂಟರಿನಲ್ಲಿ ಮೊದಲೇ ಇದೆ;
ದಿನಾಂಕ, ಜಾಗ, ತಲೆಯೆಣಿಕೆ ಬದಲಿಸಿದರೆ ಸಾಕು,
ಯಾರ ಸಿಟ್ಟಿಗಾದರೂ ಅಳತೆ ಸರಿಹೋಗುತ್ತದೆ.

ಸೋಮವಾರ ಮೂವರು ಬಂದರು, ಕೌಲ್ ಬಜಾರಿನಿಂದ ನಡೆದೇ.
ಸುಂಕಮ್ಮ, ಮಹಬೂಬ್ ಬೀ, ಇನ್ನೊಬ್ಬಳು ಬಾಗಿಲಲ್ಲೇ ನಿಂತಳು.
ಹೊಲಿದ ಜೀನ್ಸಿನ ದಾರ ಕತ್ತರಿಸುವವರು.
ಒಂದು ಪ್ಯಾಂಟಿಗೆ ಎಂಬತ್ತು ಪೈಸೆ.
‘ಒಂದೂಕಾಲು ರೂಪಾಯಿ ಆಗ್ಲಿ ಅಂತ ಕೂಡ್ತೀವ್ರಿ ಸಾರ್,
ಡಿಸಿ ಆಫೀಸಿನ ಮುಂದ, ಒಂದ ದಿನ.’

ಎಷ್ಟು ಜನ?
‘ಇನ್ನೂರು ಅಂತ ಬರ್ಕೊಳ್ರಿ.’
ಕಂಕುಳ ಕೂಸು ಲೆಕ್ಕಕ್ಕ ಬರ್ತಾವೇನು, ಕೇಳಿದಳು ಮಹಬೂಬ್ ಬೀ.
ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ.
ಬರುವುದಿಲ್ಲ ಅಂದೆ, ನನ್ನ ಜವಾಬ್ದಾರಿಯ ಮೇಲೆ.

ಓದಿ ಹೇಳ್ರಿ ಅಂದರು. ಓದಿದೆ.
ಅರ್ಧ ರಸ್ತೆ ವಾಹನಗಳಿಗೆ ಬಿಡತಕ್ಕದ್ದು.
ಆಂಬುಲೆನ್ಸ್ ಬಂದರೆ ಎದ್ದು ದಾರಿ ಕೊಡತಕ್ಕದ್ದು.
ಪ್ರತಿಕೃತಿ ಸುಡತಕ್ಕದ್ದಲ್ಲ.
ಐವತ್ತು ಜನಕ್ಕೊಬ್ಬ ಸ್ವಯಂಸೇವಕ, ತೋಳಿಗೆ ಪಟ್ಟಿ.
ಧ್ವನಿವರ್ಧಕ ಒಂದೇ, ಅದೂ ಕಚೇರಿಗೆ ಬೆನ್ನು ಮಾಡಿ.
ಸುಂಕಮ್ಮ ಒಂದೊಂದಕ್ಕೂ ತಲೆಯಾಡಿಸಿದಳು,
ಮಾಸ್ತರ ಮುಂದಿನ ಹುಡುಗಿಯಂತಲ್ಲ,
ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು
ಬಟ್ಟೆಯ ಒಳಮೈ ತಿರುವಿ ನೋಡುವವಳಂತೆ.

ಹನ್ನೊಂದು:
ಹರಿತವಾದ ಯಾವುದೇ ವಸ್ತು ತರತಕ್ಕದ್ದಲ್ಲ.

ಬಾಗಿಲಲ್ಲಿದ್ದವಳು ಸೆರಗಿನ ಗಂಟು ಮುಟ್ಟಿಕೊಂಡಳು.

ಬುಧವಾರ ಹತ್ತಕ್ಕೇ ಕೋಟೆ ಗುಡ್ಡದ ಬಂಡೆ
ಕಣ್ಣಿಟ್ಟು ನೋಡಲಾಗದಷ್ಟು ಬೆಳ್ಳಗೆ.
ರಸ್ತೆಯ ಅಂಚಿಗೆ ಒಂದು ಮೇಜು, ಒಂದು ಸ್ಟೀಲಿನ ತಟ್ಟೆ, ನಾನು.
ಸಾಲಾಗಿ ಬಂದರು,
ಸೊಂಟದಿಂದ, ಸೆರಗಿನಿಂದ, ಬುರ್ಖಾದ ಜೇಬಿನಿಂದ
ಹೆಬ್ಬೆರಳುದ್ದದ ಕಟ್ಟರ್ ತೆಗೆದಿಟ್ಟರು.
ಕೆಲಸಕ್ಕೆ ಹೋಗದ ದಿನವೂ ಅದು ಮೈಮೇಲೇ ಇರುತ್ತದಂತೆ.
ತಟ್ಟೆ ತುಂಬಿತು. ಟೀ ಅಂಗಡಿಯಿಂದ ಇನ್ನೊಂದು ತರಿಸಿದೆ.

‘ರಸೀದಿ ಕೊಡ್ರಿ.’
ಷರತ್ತಿನಲ್ಲಿ ರಸೀದಿಯ ಮಾತಿಲ್ಲಮ್ಮ.
‘ಹಂಗಾರ ನಾವೇ ಗುರ್ತು ಹಾಕ್ತೀವಿ.’
ಹಿಡಿಗೆ ದಾರ ಸುತ್ತಿದರು, ಕಿತ್ತಳೆ, ತಾಮ್ರ, ಬೂದಿ,
ಒಬ್ಬಳು ಎರಡು ಗಂಟು, ಒಬ್ಬಳು ಮೂರು,
ಬಾಗಿಲಲ್ಲಿ ನಿಂತಿದ್ದವಳು ತನ್ನದೊಂದು ಕೂದಲೆಳೆ.

ಅರ್ಧ ರಸ್ತೆ ಬಿಟ್ಟೇ ಕೂತರು.
ಮಧ್ಯಾಹ್ನಕ್ಕೆ ಮೈಕು ಕೈಕೊಟ್ಟಿತು; ಯಾರಿಗೂ ಗೊತ್ತಾಗಲಿಲ್ಲ.
ಮಿಷನ್ನುಗಳ ನಡುವೆ ಮಾತಾಡಿ ಮಾತಾಡಿ ಬೆಳೆದ ಗಂಟಲು.
ಆಂಬುಲೆನ್ಸ್ ಬರಲಿಲ್ಲ, ಐಸ್ ಕ್ಯಾಂಡಿ ಗಾಡಿ ಬಂತು;
ಇನ್ನೂರು ಜನವೂ ಎದ್ದು, ನಗುತ್ತ, ಅದಕ್ಕೇ ದಾರಿ ಕೊಟ್ಟರು.
ಆಮೇಲೆ ನೋಡಿದೆ,
ಘೋಷಣೆಯ ನಡುವಿನ ಬಿಡುವಿನಲ್ಲಿ, ಮಡಿಲ ಮೇಲೆ,
ಬರಿಗೈಯ ಎರಡೆರಡು ಬೆರಳು
ತೆರೆದು ಮುಚ್ಚುತ್ತಿದ್ದವು, ತೆರೆದು ಮುಚ್ಚುತ್ತಿದ್ದವು,
ಇಲ್ಲದ ದಾರಕ್ಕೆ, ಇಲ್ಲದ ಕಟ್ಟರ್.

ಐದು ಗಂಟೆಗೆ ಯಾರೋ ಮೆಟ್ಟಿಲಿಳಿದು ಬಂದು ಮನವಿ ಈಸಿಕೊಂಡರು.
ಪರಿಶೀಲಿಸಲಾಗುವುದು.
ನೀರಿನ ಪಾಕೀಟು, ಬಾಳೆ ಸಿಪ್ಪೆ ಅವರೇ ಬಳಿದು ತುಂಬಿದರು,
ಷರತ್ತು ಹದಿಮೂರು.

ವರದಿ ನಾನೇ ಬರೆದೆ:
ಶಾಂತಿಯುತವಾಗಿ ಮುಗಿದಿರುತ್ತದೆ.
ಹರಿತವಾದ ವಸ್ತು ಕಂಡುಬಂದಿರುವುದಿಲ್ಲ.

ತಟ್ಟೆಯ ತಳದಲ್ಲಿ ಒಂದು ಉಳಿದಿತ್ತು.
ಮರುದಿನ ಹುಡುಕಿ ಹೋದೆ, ಮಫ್ತಿಯಲ್ಲಿ.
ಆಕಿನ್ನ ಕೆಲಸದಿಂದ ಬಿಡಿಸ್ಯಾರ ಅಂದರು ಯೂನಿಟ್ಟಿನ ಗೇಟಿನಲ್ಲಿ.
ಹೆಸರು? ಅರ್ಜಿಯಲ್ಲಿ ಎರಡೇ ಹೆಸರಿದ್ದವು.

ರಾತ್ರಿ ಪಾಳಿ. ಹಾಳೆ ತೆರೆದು, ಕೆಳಗೆ ಹದಿನೈದನೆಯದು ಸೇರಿಸಿದೆ:
ಪೊಲೀಸರು ಪಡೆದುಕೊಂಡ ವಸ್ತುವಿಗೆ ರಸೀದಿ ಕೊಡತಕ್ಕದ್ದು,
ಅವರವರ ಕೈಗೇ ಹಿಂದಿರುಗಿಸತಕ್ಕದ್ದು.
ಸಾಹೇಬರು ಓದುವುದಿಲ್ಲ, ಸಹಿ ಹಾಕುತ್ತಾರೆ.
ಉಳಿದ ಹದಿನಾಲ್ಕಕ್ಕೂ ಹಾಗೇ ಹಾಕಿದ್ದು.

ಡ್ರಾಯರ್ ಎಳೆದಾಗಲೆಲ್ಲ
ಮುದ್ರೆಯ ಡಬ್ಬಿಯ ಪಕ್ಕ ಅದು ಸಣ್ಣಗೆ ಕಿಣಿ ಎನ್ನುತ್ತದೆ.
ಕೂದಲೆಳೆ ಇನ್ನೂ ಬಿಚ್ಚಿಲ್ಲ.